ಸಿಗ್ನಲಪ್ಪನ ಹೆಡ್‌ಸೆಟ್ ಪರೀಕ್ಷೆ

ಸಿಗ್ನಲಪ್ಪ ತನ್ನ ಹೆಂಡತಿಯನ್ನು ಮೊದಲ ಸಲ ನೋಡಿದ್ದು ಬಸ್ ನಿಲ್ದಾಣದಲ್ಲಿ, ಏಣಿಯ ಮೇಲಿಂದ. ಊರಿನ ಟ್ರಾಫಿಕ್ ದೀಪಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಆ ದಿನ ಪ್ರಕಟಣೆ ಕೋಣೆಯ ಬಾಗಿಲ ಮೇಲಿನ ದೀಪ ಕೆಟ್ಟಿದೆ ಎಂದು ಕರೆದಿದ್ದರು. ಬೀರುವಿನಷ್ಟೇ ಅಗಲದ ಕೋಣೆ. ಗಾಜಿನ ಕಿಟಕಿ, ಒಂದು ಮೈಕು, ಕೈ ಮುರಿದ ಕುರ್ಚಿ, ಅದರಲ್ಲಿ ನೆಟ್ಟಗೆ ಕುಳಿತ ಹುಡುಗಿ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಸಾರುವ ದನಿ ಅವಳದು.

ಅವನು ತಂತಿ ಬಿಗಿದು, ಗಾಜು ಒರೆಸಿ ಮುಗಿಸುವ ಹೊತ್ತಿಗೆ ದೀಪ ಕೆಂಪಗೆ ಹತ್ತಿತು. ಕೆಂಪು ಅಂದರೆ ನಿಲ್ಲು. ಅಂದಮೇಲೆ ಒಳಗಿನ ಮಾತು ನಿಂತಿದೆ. ಹೀಗೆಂದು ತೀರ್ಮಾನಿಸಿದ ಸಿಗ್ನಲಪ್ಪ ಏಣಿ ಇಳಿದು, ತಲೆಗೂದಲು ಸವರಿಕೊಂಡು, ಬಾಗಿಲು ತಳ್ಳಿದ.

"ಮೇಡಂ, ನಿನ್ನೆ ನಿಮ್ಮ ದನಿ ಕೇಳ್ತಾ ಕೂತು ಎರಡು ಬಸ್ ತಪ್ಪಿಸ್ಕೊಂಡೆ. ಇವತ್ತೂ ತಪ್ಪಿದ್ರೆ ತಪ್ಪಲಿ ಬಿಡಿ."

ಇಡೀ ನಿಲ್ದಾಣಕ್ಕೆ ಕೇಳಿಸಿತು. ಕಂಡಕ್ಟರೊಬ್ಬ ಸೀಟಿ ಊದಿದ. ಹುಡುಗಿ ಮೈಕು ಆರಿಸಿ, "ಕೆಂಪು ಹತ್ತಿದ್ರೆ ಮೈಕು ಆನ್ ಆಗಿದೆ ಅಂತ ಅರ್ಥ. ಹೊರಗಿನವರು ಬಾಯಿ ಮುಚ್ಕೊಂಡಿರ್ಬೇಕು" ಎಂದಳು.

"ಇಡೀ ಲೋಕಕ್ಕೆ ಕೆಂಪು ಅಂದ್ರೆ ನಿಲ್ಲು. ನಿಮ್ಮ ಕೋಣೆಗೆ ಮಾತ್ರ ಬೇರೆ ಕಾನೂನಾ?" ಎಂದು ಅವನು ವಾದಕ್ಕೆ ನಿಂತ.

ಅಷ್ಟು ಜನಕ್ಕೆ ಕೇಳಿಸಿದ ಮೇಲೆ ಮದುವೆಯಾಗದೆ ಬೇರೆ ದಾರಿ ಇರಲಿಲ್ಲ. ವಾದ ಮಾತ್ರ ಇನ್ನೂ ಮುಗಿದಿಲ್ಲ.

ಈಚೆಗೆ ಸಿಗ್ನಲಪ್ಪನಿಗೆ ಒಂದು ಆಟದ ಹುಚ್ಚು ಹಿಡಿಯಿತು. ಪರದೆಯ ಮೇಲೆ ಲಾರಿ ಓಡಿಸುವ ಆಟ. ಬೇರೆ ಬೇರೆ ಮನೆಗಳಲ್ಲಿ ಕುಳಿತವರು ಒಟ್ಟಿಗೆ ಸಾಲಾಗಿ ಸರಕು ಹೊತ್ತು ಬೆಟ್ಟ ದಾಟಬೇಕು. (ನಿಜವಾದ ಲಾರಿ ಎದುರು ಬಂದರೆ ಇವನು ಸೈಕಲ್ ಇಳಿದು ಚರಂಡಿ ಪಕ್ಕ ನಿಲ್ಲುತ್ತಾನೆ. ಆ ಮಾತು ಬೇಡ.) ಸಂಜೆಯಾದರೆ ಮನೆಯಲ್ಲಿ ಇಂಜಿನ್ನಿನ ಗುಡುಗು, ಹಾರ್ನು, ಬ್ರೇಕಿನ ಕಿರುಚಾಟ. ಹಗಲೆಲ್ಲ ಬಸ್ಸುಗಳ ನಡುವೆ ಗಂಟಲು ಹರಿದುಕೊಂಡು ಬಂದ ಹೆಂಡತಿಗೆ ಮನೆಯಲ್ಲಿ ಲಾರಿಗಳು.

ಒಂದು ಸಂಜೆ ಅವಳು ಆಟದ ಯಂತ್ರದ ಪ್ಲಗ್ಗಿನ ಮೇಲೆ ಕೈಯಿಟ್ಟಳು. "ರೀ, ಭಾನುವಾರದವರೆಗೆ ಗಡುವು. ಆಮೇಲೆ ಈ ಆಟದ ಸದ್ದು ಒಂದು ಚೂರು ನನ್ನ ಕಿವಿಗೆ ಬಿದ್ರೂ ಯಂತ್ರ ನನ್ನ ತಮ್ಮನ ಮನೆಗೆ."

ತಮ್ಮ, ಅಂದರೆ ಭಾಮೈದ, ಅದೇ ಲಾರಿ ಸಾಲಿನ ಕೊನೆಯ ಚಾಲಕ. ಅವನದು ಹಳೆಯ ಯಂತ್ರ. ಏರು ಬಂದರೆ ಲಾರಿಗಿಂತ ಮೊದಲು ಯಂತ್ರವೇ ಬಿಸಿಯಾಗುತ್ತಿತ್ತು. ಅವನ ಮನೆಯಲ್ಲಿ ಸದ್ದೆಲ್ಲ ಟಿವಿಯಲ್ಲೇ ಬರುತ್ತಿದ್ದುದರಿಂದ ಪಕ್ಕದಲ್ಲಿ ಕುಳಿತು ಹೆಣಿಗೆ ಹಾಕುವ ಸಿಗ್ನಲಪ್ಪನ ಅತ್ತೆಗೂ ಲಾರಿಗಳ ಕ್ಷೇಮಸಮಾಚಾರ ಗೊತ್ತಿರುತ್ತಿತ್ತು. ಅಕ್ಕನ ಮನೆಯ ಹೊಸ ಯಂತ್ರದ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು.

"ಒಂದು ಚೂರೂ ಬೀಳಲ್ಲ ಕಣೆ!" ಎಂದು ಎದೆ ತಟ್ಟಿ ಸಿಗ್ನಲಪ್ಪ ಅಂಗಡಿಗೆ ನಡೆದ. ಅಲ್ಲಿ ಗಾಜಿನೊಳಗೆ ದುಬಾರಿ ಹೆಡ್‌ಸೆಟ್ಟುಗಳು ಕಿರೀಟಗಳಂತೆ ಕುಳಿತಿದ್ದವು. ಅಂಗಡಿಯವನು ಇವನ ಚಪ್ಪಲಿ ನೋಡಿ ಕೆಳಗಿನ ಖಾನೆಗೆ ಬಗ್ಗಿದ. "ಇದು ತಗೊಳ್ಳಿ ಸಾರ್. ತಂತಿ ಇಲ್ಲ. ಬೆಲೆಯೂ ಇಲ್ಲ ಅಂದ್ಕೊಳ್ಳಿ."

ಪರೀಕ್ಷಾಪರ್ವ ಮರುದಿನವೇ ಆರಂಭವಾಯಿತು. ತಂತಿಯಿಲ್ಲದ್ದನ್ನು ನಂಬುವುದು ತಂತಿ ಎಳೆದು ಬದುಕಿದವನಿಗೆ ಸುಲಭವಲ್ಲ. ಹಾಕಿಕೊಂಡು ಬಚ್ಚಲಿಗೆ ಹೋದ, ಇಂಜಿನ್ ಕೇಳಿಸಿತು. ಮೆಟ್ಟಿಲಿಳಿದು ಬೀದಿ ಬಾಗಿಲಿಗೆ ಹೋದ. ಅಲ್ಲಿ ಸ್ವಲ್ಪ ಗೊರಗೊರ. ಕನ್ನಡಕದ ಕಾಲು ಹೆಡ್‌ಸೆಟ್ಟಿನ ಮೆತ್ತೆಯಡಿ ಸಿಕ್ಕಿ ಕಿವಿಯ ಹಿಂದೆ ಕೆಂಪು ಗೀರು ಬಿದ್ದಿತು. ಕನ್ನಡಕವನ್ನು ಹಣೆಗೇರಿಸಿ, ಮಂಜಾದ ಬೆಟ್ಟದಲ್ಲಿ ಲಾರಿಯನ್ನು ಅಂದಾಜಿನ ಮೇಲೆ ಓಡಿಸಿದ. ತಲೆ ಅಲ್ಲಾಡಿಸಿ, ಬಗ್ಗಿ, ಕುಪ್ಪಳಿಸಿ ನೋಡಿದ; ಜಾರಲಿಲ್ಲ. (ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು.) ಪ್ಲಾಸ್ಟಿಕ್ಕಿನ ಕಮಾನು ಕಿರುಗುಟ್ಟುತ್ತಿತ್ತು, ಆದರೆ ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಓಡುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿ ನಿಂತ ಹೆಂಡತಿಗೆ ಸೊಳ್ಳೆಯಷ್ಟೂ ಸದ್ದಿಲ್ಲ.

"ಕೈಪಿಡಿ ಓದಿದ್ರಾ?" ಎಂದು ಅವಳು ಕೇಳಿದಳು.

"ದೀಪ, ಗುಂಡಿ, ಸ್ವಿಚ್ಚು! ಇದ್ರ ಬಗ್ಗೆ ಕಾಗದ ನನಗೆ ಪಾಠ ಹೇಳ್ಬೇಕಾ?"

ಉಳಿದದ್ದು ಹೆಡ್‌ಸೆಟ್ಟಿನಿಂದ ಬಾಯಿಗೆ ಚಾಚಿದ ಮೈಕಿನ ಪರೀಕ್ಷೆ; ಸಾಲಿನ ಚಾಲಕರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದು ಅದರಿಂದ. ಭಾನುವಾರ ಸಂಜೆ ಲಾರಿಗಳು ಮಂಜಿನ ಘಟ್ಟದ ಬುಡದಲ್ಲಿ ಸಾಲುಗಟ್ಟಿದವು. ಸಿಗ್ನಲಪ್ಪನಿಗೆ ಗೆಲುವಿನ ವಾಸನೆ ಹತ್ತಿತ್ತು. ಹೆಂಡತಿಗೆ ಎರಡು ಮಾತು ಹೇಳಿ ಬರೋಣವೆಂದು ಲಾರಿ ನಿಲ್ಲಿಸಿ, ಮೈಕು ಮುಚ್ಚಲು ಗುಂಡಿ ಒತ್ತಿದ. ಮೈಕಿನ ತುದಿಯಲ್ಲಿ ಕೆಂಪು ಚುಕ್ಕಿ ಹತ್ತಿತು. ಮುಚ್ಚಿತು! ತಲೆಯ ಮೇಲೆ ಹೆಡ್‌ಸೆಟ್ ಸಮೇತ ಅಡುಗೆಮನೆಗೆ ಮೆರವಣಿಗೆ ಹೊರಟ.

"ಏನಂತೀಯ? ಯಂತ್ರ ನಿನ್ನ ತಮ್ಮನಿಗಾ? ಅವನು ಲಾರಿ ಓಡಿಸೋದು ನೋಡಿದೀಯ? ಎಮ್ಮೆ ಕೆರೆಗೆ ಇಳಿದ ಹಾಗೆ!"

ಹೆಂಡತಿ ಕ್ಯಾರೆಟ್ ಹೆಚ್ಚುತ್ತಿದ್ದಳು. ತಲೆಯೆತ್ತಿ ಕೆಂಪು ಚುಕ್ಕಿಯನ್ನು ನೋಡಿದಳು. ಚಾಕು ನಿಂತಿತು. ಮುಖದ ಮೇಲೆ ಬಲು ಸಾತ್ವಿಕವಾದ ಒಂದು ನಗು ಮೂಡಿತು.

"ಹೌದಾ? ಅಮ್ಮನ ಬಗ್ಗೇನೂ ಏನೋ ಹೇಳ್ಬೇಕು ಅಂತಿದ್ರಲ್ಲ ಮೊನ್ನೆ?"

"ಹೇಳ್ತೀನಿ, ಯಾರ ಭಯ! ಹೋದ ವರ್ಷ ಸ್ವೆಟರ್ ಹೆಣೆದು ಕೊಟ್ರಲ್ಲ ನಿಮ್ಮಮ್ಮ, ಒಂದು ತೋಳು ಮೊಣಕೈಗೆ, ಇನ್ನೊಂದು ಮೊಣಕಾಲಿಗೆ. ಏನು ಮಾಡ್ದೆ ಗೊತ್ತಾ? ಏಣಿ ಕಾಲಿಗೆ ಸುತ್ತಿದೀನಿ, ಜಾರ್ದೆ ಇರ್ಲಿ ಅಂತ!"

"ಇನ್ನೂ ಸ್ವಲ್ಪ ಬಿಡಿಸಿ ಹೇಳಿ," ಎಂದಳು ಅವಳು. "ನಿಧಾನಕ್ಕೆ. ಗಟ್ಟಿಯಾಗಿ."

ಅವನು ಬಿಡಿಸಿ ಹೇಳಿದ. ಸ್ವೆಟರಿನ ಬಣ್ಣವನ್ನೂ ಬಿಡಲಿಲ್ಲ. ಕಿವಿಯಲ್ಲಿ ಲಾರಿ ಸಾಲಿನವರು ಉಸಿರೂ ಬಿಡದೆ ಮೌನವಾಗಿದ್ದರು. ಮೈಕು ಮುಚ್ಚಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಅಷ್ಟರಲ್ಲಿ ಹೆಂಡತಿಯ ಫೋನು ಬಡಿದುಕೊಂಡಿತು. ಅವಳು ಅದನ್ನು ಸ್ಪೀಕರಿಗೆ ಹಾಕಿ ಗಂಡನ ಮುಂದೆ ಹಿಡಿದಳು.

"ಅಳಿಯಂದ್ರೇ," ಎಂದರು ಅತ್ತೆ, ಬೆಣ್ಣೆಯಂಥ ದನಿಯಲ್ಲಿ, "ಏಣಿಗೆ ಈಗ ಚಳಿ ಇಲ್ಲ ತಾನೆ? ಇನ್ನೊಂದು ಕಾಲಿಗೂ ಒಂದು ಹೆಣೆದು ಕಳಿಸ್ತೀನಿ."

ಅದೇ ಹೊತ್ತಿಗೆ ಕಿವಿಯೊಳಗೆ ಭಾಮೈದನ ದನಿ: "ಭಾವ, ಮೈಕು ಅದ್ಭುತ. ಒಂದಕ್ಷರ ಬಿಟ್ಟಿಲ್ಲ. ಎಮ್ಮೆ ಕಡೆಯಿಂದ ನಮಸ್ಕಾರ."

ಸಿಗ್ನಲಪ್ಪನ ಮುಖ ಚುಕ್ಕಿಗಿಂತ ಕೆಂಪಾಯಿತು. ಆದರೆ ಸೋಲೊಪ್ಪುವ ಗಂಡೇ ಅಲ್ಲ ಅವನು. "ಕೆಂಪು ಅಂದ್ರೆ ನಿಲ್ಲು!" ಎಂದು ಗುಡುಗಿದ. "ತಪ್ಪು ಮಾಡಿದ್ದು ಈ ಮೈಕು, ನಾನಲ್ಲ! ಮತ್ತೆ ಮಾತು ಅಂದ್ರೆ ಮಾತು. ಆಟದ ಸದ್ದು ನಿನ್ನ ಕಿವಿಗೆ ಬಿತ್ತಾ?"

"ಇಲ್ಲಪ್ಪ. ಒಂದು ಚೂರೂ ಬಿದ್ದಿಲ್ಲ."

"ಹಾಗಾದ್ರೆ ಯಂತ್ರ?"

"ಇಲ್ಲೇ ಇರ್ಲಿ. ನಿಮ್ಮ ಮಾತು ಗೆದ್ದಿತು." ಅವಳು ಕೈ ಒರೆಸಿಕೊಂಡು ಕೈಚಾಚಿದಳು. "ಅಷ್ಟು ಹೊಗಳ್ತಿದೀರಲ್ಲ, ಕೊಡಿ, ನಾನೂ ನೋಡ್ತೀನಿ."

ಗೆದ್ದ ಉದಾರತೆಯಲ್ಲಿ ಅವನು ಕೊಟ್ಟ. ಅವಳು ಹಾಕಿಕೊಂಡಳು. ಅವನು ಕೆಂಪು ದೀಪದ ಲೋಕಮಾನ್ಯ ಅರ್ಥವನ್ನು ಮೊದಲಿನಿಂದ ವಿವರಿಸತೊಡಗಿದ. ಅವಳು ಅವನ ಬಾಯಿ ತೆರೆದು ಮುಚ್ಚುವುದನ್ನು ನೋಡುತ್ತ ನಿಂತಳು. ನೋಡುತ್ತ ನೋಡುತ್ತ ಅವಳ ಹುಬ್ಬಿನ ಗಂಟು ಸಡಿಲಾಯಿತು, ಹೆಗಲು ಇಳಿಯಿತು, ಕಣ್ಣು ಅರೆಮುಚ್ಚಿತು.

"ರೀ," ಎಂದಳು, ಪರಮಾನಂದದಲ್ಲಿ, "ಇದ್ರೊಳಗೆ ನಿಮ್ಮ ದನಿ ಕೇಳ್ಸೋದೇ ಇಲ್ಲ! ಬರೀ ಯಾವುದೋ ದೂರದ ಇಂಜಿನ್ನು. ಎಂಥಾ ಒಳ್ಳೇ ಸಾಮಾನು ತಂದಿದೀರಿ!"

ಅಷ್ಟರಲ್ಲಿ ಮಂಜಿನ ಕವಲಿನಲ್ಲಿ ದಾರಿ ತಿಳಿಯದೆ ಲಾರಿಗಳು ಒಂದಕ್ಕೊಂದು ಹಾರ್ನು ಹೊಡೆಯತೊಡಗಿದ್ದವು. ಅವಳು ಪರದೆಯ ಮುಂದೆ ಕುಳಿತಳು, ನಕ್ಷೆಯತ್ತ ಕಣ್ಣು ಹಾಯಿಸಿದಳು, ಗಂಟಲು ಸರಿಮಾಡಿಕೊಂಡಳು. ಹೊರಬಂದದ್ದು ಅವನು ಎರಡು ಬಸ್ ತಪ್ಪಿಸಿಕೊಂಡ ಅದೇ ದನಿ.

"ಚಾಲಕರ ಗಮನಕ್ಕೆ. ಎಲ್ಲ ಲಾರಿಗಳೂ ಎಡಗಡೆಯ ರಸ್ತೆಗೆ ಬರತಕ್ಕದ್ದು. ಕೊನೆಯ ಲಾರಿಯ ಎಮ್ಮೆ ದಯವಿಟ್ಟು ಹಾರ್ನು ನಿಲ್ಲಿಸುವುದು."

ಸಾಲು ಘಟ್ಟ ಹತ್ತಿತು. ಒಂದು ಲಾರಿಯೂ ಕಂದಕಕ್ಕೆ ಬೀಳಲಿಲ್ಲ. ಸಿಗ್ನಲಪ್ಪ ಸಾಲನ್ನು ಮುನ್ನಡೆಸಿದಾಗ ಇಂಥದ್ದು ಒಮ್ಮೆಯೂ ಆಗಿರಲಿಲ್ಲ. ಮರುದಿನ ಸಂಜೆ ಚಾಲಕರೆಲ್ಲ ಅಕ್ಕನೇ ಬೇಕೆಂದು ಪಟ್ಟು ಹಿಡಿದರು. ಹಾಗೆಂದು ಭಾಮೈದ ಹೇಳಿದ. ಹೇಳಿದ್ದು ಅಕ್ಕನ ಕಿವಿಗೆ, ಭಾವನಿಗೆ ಕೇಳಿಸಲಿಲ್ಲ.

ಕೆಂಪು ಅಂದರೆ ನಿಲ್ಲು ಎಂಬ ವಾದವನ್ನು ಸಿಗ್ನಲಪ್ಪ ಇಂದಿಗೂ ಬಿಟ್ಟುಕೊಟ್ಟಿಲ್ಲ. ಹಗಲು ಟ್ರಾಫಿಕ್ ದೀಪಗಳನ್ನು ರಿಪೇರಿ ಮಾಡುತ್ತಾನೆ. ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾನೆ, ಮತ್ತು ಹೆಂಡತಿಯ ಮೈಕಿನ ಕೆಂಪು ಚುಕ್ಕಿ ಹತ್ತಿರುವಷ್ಟು ಹೊತ್ತು ಬಾಯಿ ಬಿಡುವುದಿಲ್ಲ.