ಗುಂಡುಮಾಮನ ಲಿವರ್ ಪ್ರಕರಣ

ಲಿವರ್ ಎಂಬ ಒಂದು ಮಾತು ಡಾಕ್ಟರ ಕೋಣೆಯ ಅರ್ಧ ತೆರೆದ ಬಾಗಿಲಿನಿಂದ ಹೊರಬಿದ್ದದ್ದೇ ಎಲ್ಲ ಅನಾಹುತಕ್ಕೂ ಮೂಲವಾಯಿತು. ಒಳಗೆ ಕೂತಿದ್ದವನು ಶಾಲೆಯ ವ್ಯಾನ್ ಡ್ರೈವರ್. ಸ್ಟೇರಿಂಗಿಗೂ ಹೊಟ್ಟೆಗೂ ನಡುವೆ ಒಂದು ಕಾಗದವೂ ತೂರದಂಥ ಮೈ. ಅದಕ್ಕೇ ಮಕ್ಕಳು ಅವನನ್ನು ಗುಂಡುಮಾಮ ಎನ್ನುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವಳು ಎದುರುಮನೆಯ ಟೇಲರಮ್ಮ. ಬಟ್ಟೆ ಸಾಲದಿದ್ದರೆ ತುಂಡು ಸೇರಿಸಿ ಹೊಲಿಯುವವಳು. ಸುದ್ದಿಯನ್ನೂ ಹಾಗೆಯೇ ಹೊಲಿಯುತ್ತಿದ್ದಳು.

ಡಾಕ್ಟರು ಹೇಳುತ್ತಿದ್ದರು: "ಲಿವರಿನ ತುಂಬ ಕೊಬ್ಬು ಕೂತಿದೆ. ಹೊಟ್ಟೆಯ ಕೊಬ್ಬು ಸುಮ್ಮನೆ ಬಿದ್ದಿರೋ ಲಗೇಜ್ ಅಲ್ಲ, ಅದೂ ಹಾರ್ಮೋನ್ ಬಿಡುತ್ತೆ. ಲೆಪ್ಟಿನ್ ಅನ್ನೋದು 'ಸಾಕು, ಎದ್ದೇಳು' ಅಂತ ಮೆದುಳಿಗೆ ಹಾರನ್ ಹೊಡೆಯುತ್ತೆ. ಕೊಬ್ಬು ಜಾಸ್ತಿಯಾದ್ರೆ ಇಡೀ ದಿನ ಹಾರನ್ನೇ. ಆಗ ಯಾರು ದಾರಿ ಬಿಡ್ತಾರೆ ಹೇಳಿ? ಅಡಿಪೊನೆಕ್ಟಿನ್ ಅಂತ ಇನ್ನೊಂದಿದೆ, ಲಿವರನ್ನ ಕಾಯುತ್ತೆ. ಹೊಟ್ಟೆ ಬೆಳೆದಷ್ಟೂ ಅದು ಕಮ್ಮಿ. ತೂಕ ಇಳಿಸಿ."

ಗುಂಡುಮಾಮ ಮನೆಗೆ ಬಂದಾಗ ಹೆಂಡತಿ ಅವನ ನೀರಿನ ಬಾಟಲಿಯನ್ನು ಮೂಸುತ್ತಿದ್ದಳು.

"ರೀ, ಯಾವಾಗಿಂದ ಕುಡೀತಿದ್ದೀರಿ?"

"ಏನನ್ನ?"

"ಟೇಲರಮ್ಮ ಎಲ್ಲ ಹೇಳಿದ್ರು. ಕುಡಿಯದೇ ಲಿವರ್ ಹಾಳಾಗುತ್ತಾ?"

"ಅಲ್ಲ ಕಣೇ, ಅದು ಹೊಟ್ಟೆಯಿಂದ ಬರೋದು... ಲೆಫ್ಟಿನ್..."

"ಲೆಫ್ಟಿನ್ನಾ? ಅದ್ಯಾವ ಬ್ರಾಂಡು?"

ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ತಾಯಂದಿರ ದಂಡೇ ನೆರೆದಿತ್ತು. ಬೆಳಗಿನವರೆಗೆ ಗುಂಡುಮಾಮ ಎಂಬ ಹೆಸರಿಗೆ ಒಂದೇ ಅರ್ಥವಿತ್ತು. ಈಗ ಆ ಗುಂಡು ಗ್ಲಾಸಿಗೆ ಇಳಿದಿತ್ತು.

"ಹೆಸರಲ್ಲೇ ಇತ್ತಲ್ರೀ, ನಮಗೇ ಹೊಳೀಲಿಲ್ಲ!"

"ಅಮ್ಮಾ, ಆಣೆ ಮಾಡ್ತೀನಿ. ಲಿವರ್ ಕಾಯೋ ಅಡಿಪೋ ಅನ್ನೋದು ನಂಗೆ ಕಮ್ಮಿಯಾಗಿದೆಯಂತೆ, ಅಷ್ಟೇ."

"ಕಮ್ಮಿಯಾದ್ರೆ ಕೈ ನಡುಗುತ್ತೆ, ನೋಡಿ, ನಡುಗ್ತಿದೆ!"

"ಒಂದು ಕಾಲ ಮೇಲೆ ನಿಂತು ತೋರಿಸಿ," ಎಂದಳು ಮತ್ತೊಬ್ಬಳು.

ಗುಂಡುಮಾಮ ನಿಂತ. ನಿಂತವನು ಕತ್ತರಿಸಿದ ಮರದಂತೆ ವಾಲಿ ವಾಚ್‌ಮನ್ನನ ಸ್ಟೂಲಿನ ಮೇಲೆ ಬಿದ್ದ. ಸ್ಟೂಲು ಅಲ್ಲಿಗೆ ತೀರಿಕೊಂಡಿತು.

ಹೆಡ್ ಮೇಡಂ ಕೈ ಚಾಚಿದರು. "ಮಕ್ಕಳ ಜೀವದ ಪ್ರಶ್ನೆ. ಗಾಡಿ ಕೀ ಕೊಡಿ."

ಗುಂಡುಮಾಮ ಕೀ ಕೊಟ್ಟ. ನಿದ್ದೆಹೋದ ಮಗು ಎಚ್ಚರಗೊಂಡೀತೆಂದು ಬ್ರೇಕನ್ನೂ ಮೆಲ್ಲಗೆ ಒತ್ತುವ ಮನುಷ್ಯ ಅವನು. "ಮೇಡಂ, ಡಾಕ್ಟರನ್ನೇ ಕೇಳಿ," ಎಂದು ನಂಬರ್ ಒತ್ತಿ ಫೋನನ್ನು ಅವರ ಕೈಗಿತ್ತ.

ಸ್ಪೀಕರಿನಲ್ಲಿ ಡಾಕ್ಟರ ದನಿ ಕೇಳಿಸಿತು. "ಕುಡೀತಾರಾ? ಛೆ ಛೆ! ಕುಡಿಯದವರಿಗೂ ಇದು ಬರುತ್ತೆ. ಬರೀ ಬೊಜ್ಜಿನ ಕೆಲಸ. ಅದಿರಲಿ, ಮನೆಯಲ್ಲಿ ಎರಡೇ ಚಪಾತಿ ಅಂತಾರೆ. ಇಷ್ಟು ಕೊಬ್ಬು ಎಲ್ಲಿಂದ ಬಂತು ಅನ್ನೋದೇ ನಂಗೆ ಅರ್ಥವಾಗ್ತಿಲ್ಲ."

ತಾಯಂದಿರು ಪೆಚ್ಚಾದರು. ಒಬ್ಬಳು ಕ್ಷಮೆಯನ್ನೂ ಕೇಳಿದಳು. ಗುಂಡುಮಾಮ ಎದೆಯುಬ್ಬಿಸಲು ಹೋದ; ಹೊಟ್ಟೆ ಉಬ್ಬಿತು.

ಅಷ್ಟರಲ್ಲಿ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಅವನ ಕೈ ಹಿಡಿದು ನಿಂತಳು. "ನಮ್ಮ ಮಾಮನ್ನ ಬೈಬೇಡಿ. ಮಾಮ ಎಷ್ಟು ಒಳ್ಳೇವ್ರು ಗೊತ್ತಾ? ಡಬ್ಬೀಲಿ ನಾವು ಬಿಟ್ಟಿದ್ದೆಲ್ಲ ದಿನಾ ಅವ್ರೇ ತಿಂತಾರೆ, ಅಮ್ಮ ಬೈಬಾರ್ದು ಅಂತ!"

ಮಗುವಿನ ಡಬ್ಬಿ ಖಾಲಿಯಾಗಿ ಬರುತ್ತದೆಂದು ನೆರೆಹೊರೆಯಲ್ಲಿ ಜಂಬ ಕೊಚ್ಚದ ತಾಯಿ ಅಲ್ಲಿ ಒಬ್ಬಳೂ ಇರಲಿಲ್ಲ.

"ಅದಕ್ಕೇ ನನ್ನ ಮಗ ಕಡ್ಡಿ ಥರ ಇರೋದು!"

"ಬೆಣ್ಣೆ ಹಚ್ಚಿ ಕಳಿಸ್ತಿದ್ನಲ್ರೀ!"

"ಇದಕ್ಕಿಂತ ಕುಡಿದಿದ್ರೇ ವಾಸಿಯಿತ್ತು!"

ಹೆಡ್ ಮೇಡಂ ಕೀ ಹಿಂತಿರುಗಿಸಿ ತೀರ್ಪು ಕೊಟ್ಟರು: ಇಂದಿನಿಂದ ವ್ಯಾನಿನಲ್ಲಿ ಒಬ್ಬರು ಕಾವಲು ಕೂರಬೇಕು.

"ನಾನೇ ಕೂರ್ತೀನಿ," ಎಂದಿತು ಗುಂಪಿನ ಹಿಂದಿನಿಂದ ಒಂದು ದನಿ. ಗುಂಡುಮಾಮನಿಗೆ ತಿರುಗಿ ನೋಡುವ ಅಗತ್ಯವಿರಲಿಲ್ಲ. ಹೆಂಡತಿ.

ವ್ಯಾನು ಹೊರಟಿತು. ಮೊದಲ ತಿರುವು ದಾಟಿದ್ದೇ ಹಿಂದಿನಿಂದ ಅಭ್ಯಾಸಬಲದಿಂದ ಒಂದು ಡಬ್ಬಿ ಮುಂದೆ ಬಂತು. ಒಳಗೆ ಬೇಯಿಸಿದ ಅರ್ಧ ಮೊಟ್ಟೆ, ಬೆಣ್ಣೆ ಸವರಿದ ಬ್ರೆಡ್ಡು. ಗುಂಡುಮಾಮನ ಎಡಗೈ ತಾನಾಗಿ ಮೇಲೆದ್ದಿತು. ಹೆಂಡತಿ ಡಬ್ಬಿಯನ್ನು ಕಸಿದುಕೊಂಡಳು.

"ಉಳಿಸಿದ್ರೆ ಅಮ್ಮ ಬೈತಾರಾ, ಪುಟ್ಟಾ?"

ಹಿಂದಿನಿಂದ "ಹ್ಞೂಂ" ಎಂಬ ಸಣ್ಣ ದನಿ ಬಂತು.

ಅವಳು ಗಂಡನನ್ನೊಮ್ಮೆ ನೋಡಿದಳು, ಡಬ್ಬಿಯನ್ನೊಮ್ಮೆ ನೋಡಿದಳು. ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡು, ಬ್ರೆಡ್ಡಿಗೆ ಕೈ ಹಾಕಿದಳು.

"ನನ್ನನ್ನೇನು ನೋಡ್ತೀರಿ? ರಸ್ತೆ ನೋಡಿ!"