ಕಸೂತಿ ಕವರಿಗೊಂದು ಕಂಪ್ಯೂಟರು

ಆ ದಿನ ಬೆಳಗು ಎಲ್ಲ ದಿನದಂತೆಯೇ ಆಯಿತು. ನಲ್ಲಿಗೆ ನೀರು ಬಂದಿತ್ತು, ಹಾಲು ಬಂದಿರಲಿಲ್ಲ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಾಲ್‌ನಲ್ಲಿ ನಮ್ಮ ಅತ್ತೆಯವರು ಅಟ್ಟದಿಂದ ಇಳಿಸಿದ ಬಣ್ಣದ ತೊಟ್ಟಿಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಹಾಡುತ್ತಿದ್ದರು. ನನ್ನ ರೊಟ್ಟಿಯ ಸಪ್ಪಳ ಅವರ ಹಾಡಿಗೆ ತಾಳವಾಗಿ ಕೂಡುತ್ತಿತ್ತು.

"ಮಾವ ತಂದಾನ ಬೆಳ್ಳಿಯ ಉಡದಾರ, ಅತ್ತಿ ತಂದಾಳ..."

ಹಾಡು ನಿಂತಿತು. ರೊಟ್ಟಿಯೂ ನಿಂತಿತು.

"ಅತ್ತಿ ಏನ್ ತಂದಾಳ, ನಿರ್ಮಲಾ?"

"ಅದನ್ನ ನೀವ ಹೇಳಬೇಕ್ರಿ, ಅತ್ಯಾರ," ಎಂದೆ.

ಹದಿನೈದು ದಿನಗಳಿಂದ ಆ ಹಾಡಿನ ಅತ್ತಿ ನಮ್ಮ ಹೊಸ್ತಿಲ ಹೊರಗೇ ನಿಂತಿದ್ದಳು. ಕೈಯಲ್ಲಿ ಏನಿದೆಯೆಂದು ತಿಳಿಯದೆ ಒಳಗೆ ಕರೆಯುವಂತಿರಲಿಲ್ಲ.

ಸಂಗತಿ ಇಷ್ಟು. ನನ್ನ ನಾದಿನಿ ಸುಧಾ ಚೊಚ್ಚಲ ಹೆರಿಗೆಗೆ ತವರಿಗೆ, ಅಂದರೆ ಕಲಘಟಗಿಯ ನಮ್ಮ ಮನೆಗೆ ಬಂದಿದ್ದಳು. ಮರುದಿನ ಅವಳ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಅಣ್ಣಿಗೇರಿಯಿಂದ ಬೀಗರು ಬರುವವರಿದ್ದರು. ಅವರಲ್ಲಿ ಬೀಗಿತ್ತಿ ದೊಡ್ಡ ಹಾಡುಗಾರ್ತಿ. ಸುಧಾಳ ಮದುವೆಯಲ್ಲಿ ಹನ್ನೊಂದು ನುಡಿಯ ಆರತಿ ಹಾಡನ್ನು ಪುಸ್ತಕ ನೋಡದೆ ಹಾಡಿ, ಕೊನೆಗೆ "ನಿಮ್ಮ ಕಡೆ ಹಾಡು ಇಲ್ಲೇನ್ರಿ?" ಎಂದು ಕೇಳಿದವರು. ಆ ಮಾತು ಅತ್ತೆಯವರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಹದಿನೈದು ದಿನದ ಹಿಂದೆ ಅತ್ತೆಯವರೇ ಬೀಗಿತ್ತಿಗೆ ಫೋನಿನಲ್ಲಿ, "ನಮ್ಮವ್ವನ ತೊಟ್ಟಿಲ ಹಾಡು ಪೂರ್ತಿ ಹಾಡ್ತೀನ್ರಿ, ಬರ್ರಿ," ಎಂದುಬಿಟ್ಟಿದ್ದರು. ಅವರಿಗೆ ಬರುತ್ತಿದ್ದದ್ದು ಎರಡೂವರೆ ನುಡಿ. ಹಾಡು ಪೂರ್ತಿ ಬಲ್ಲ ಅವರ ಅವ್ವ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಇದರ ಮೇಲೆ ಇನ್ನೊಂದು ತೀರ್ಮಾನವೂ ಆಗಿತ್ತು. ಕೂಸಿನ ಸೋದರಮಾವನ ಹೆಂಡತಿಯಾದ್ದರಿಂದ ಅತ್ತಿ ನಾನೇ. ಹಾಡಿನ ಅತ್ತಿ ಏನು ತಂದಿದ್ದಾಳೋ ನಾನೂ ಅದನ್ನೇ ಕೊಡಬೇಕು.

"ಬಂಗಾರ ಇದ್ರ ಮೊದಲ ಹೇಳು," ಎಂದಿದ್ದರು ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ. ಅವರು ಹೈಸ್ಕೂಲ್ ಮಾಸ್ತರರು. ಪೇಪರಿನ ಹಿಂದಿನಿಂದಲೇ ಮನೆ ನಡೆಸುತ್ತಾರೆ.

ಉಪಾಯವೊಂದಿತ್ತು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇದೇ ತೊಟ್ಟಿಲಲ್ಲಿ ಸುಧಾಳನ್ನು ಹಾಕಿದಾಗ ಅತ್ತೆಯವರ ಅವ್ವ, ಅಂದರೆ ಸುಧಾಳ ಅಜ್ಜಿ, ಹಾಡಿದ್ದು ವಿಡಿಯೋ ಕ್ಯಾಸೆಟ್ಟಿನಲ್ಲಿತ್ತು. ನಾನೇ ಅದನ್ನು ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಕೊಟ್ಟಿದ್ದೆ. "ಡಿಸ್ಕಿಗೆ ಹಾಕ್ಲೋ, ಪೆನ್‌ಡ್ರೈವಿಗೆ ಹಾಕ್ಲೋ?" ಎಂದು ಕೇಳಿದ್ದರು. ಡಿಸ್ಕಾದರೆ ಫೋಟೋ ಆಲ್ಬಮ್ಮಿನ ಜೇಬಿನಲ್ಲಿ ಚಂದಾಗಿ ಕೂಡುತ್ತದೆಂದು ಡಿಸ್ಕಿಗೇ ಹಾಕಿಸಿದೆ. ಮನೆಗೆ ಬಂದ ಮೇಲೆ ನೆನಪಾಯಿತು: ಡಿಸ್ಕ್ ಹಾಕುವ ಪ್ಲೇಯರನ್ನು ಹೋದ ದೀಪಾವಳಿಯಲ್ಲಿ, ಹಳೆ ಸಾಮಾನಿಗೆ ಸ್ಟೀಲ್ ಪಾತ್ರೆ ಕೊಡುವಾಕೆಗೆ ಕೊಟ್ಟು ಮುಚ್ಚಳದ ಡಬ್ಬಿ ತೆಗೆದುಕೊಂಡಿದ್ದೆ. ಡಬ್ಬಿ ಒಳ್ಳೆಯದೇ. ಈಗಲೂ ಅದರಲ್ಲಿ ಶೇಂಗಾ ಚಟ್ನಿ ಇದೆ.

"ಆ ಡಬ್ಬಿ ಒಳಗ ಡಿಸ್ಕ್ ಹಾಕಿ ನೋಡು," ಎಂದಿತು ಪೇಪರು.

ಪ್ಲೇಯರು ಹೋಗಿತ್ತು, ಆದರೆ ಅದರ ಕವರನ್ನು ನಾನು ಕೊಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಯಾವ ಯಂತ್ರವೂ ಬರಿಮೈಯಲ್ಲಿ ಇರುವ ಪದ್ಧತಿಯಿಲ್ಲ. ಮಿಕ್ಸರಿಗೆ ಕವರು, ಫ್ರಿಜ್ಜಿಗೆ ಕವರು, ಟಿವಿಗೆ ಕವರು, ಟಿವಿಯ ರಿಮೋಟಿಗೂ ಕವರು. ಅವುಗಳಲ್ಲೆಲ್ಲ ಈ ಪ್ಲೇಯರಿನ ಕವರು ನನ್ನ ಹೆಮ್ಮೆ. ದಪ್ಪ ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸಿ ಕಸೂತಿ ಹಾಕಿದ್ದೆ: ನಡುವೆ ತುಳಸಿ ಕಟ್ಟೆ, ಎರಡೂ ಬದಿಗೆ ಆನೆ. ಹಿಂದೆ ಒಂದು ಗಂಟೂ ಕಾಣದು. ನಾಲ್ಕು ತಿಂಗಳ ಕೆಲಸ. ಕಪಾಟಿನಲ್ಲಿ ಕೂತ ಆ ಆನೆಗಳನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಚುರ್ರೆನ್ನುತ್ತಿತ್ತು.

ಆದ್ದರಿಂದ ಒಂದು ಮಹತ್ವದ ನಿರ್ಧಾರಕ್ಕೆ ಬಂದೆ. ಬರೀ ಪ್ಲೇಯರ್ ಯಾಕೆ? ಟಿವಿಗೆ ಹಚ್ಚುವ ಒಂದು ಪುಟ್ಟ ಕಂಪ್ಯೂಟರೇ ಇರಲಿ. ಡಿಸ್ಕೂ ನೋಡಬಹುದು, ಫೋಟೋನೂ ನೋಡಬಹುದು, ಅತ್ತೆಯವರಿಗೆ ಪ್ರವಚನವೂ ಆಯಿತು. ಬಿಡಿಭಾಗ ಆರಿಸಿ ಜೋಡಿಸಿದರೆ ಅಗ್ಗವೆಂದು ಯಾರೋ ಮೊಬೈಲಿನಲ್ಲಿ ಹೇಳುತ್ತಿದ್ದರು. ಬೇಳೆ ಕುದಿಯುವಷ್ಟು ಹೊತ್ತು ದಿನಾ ನೋಡಿ, ಎರಡು ವಾರದಲ್ಲಿ ಪಂಡಿತೆಯಾದೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಎರಡು ವಿದ್ಯೆ ಚೆನ್ನಾಗಿ ಕಲಿಸಿದ್ದರು: ದುಂಡಾದ ಅಕ್ಷರ, ಮತ್ತು ತಪ್ಪಾದಾಗ ಸಾರಿ ಹೇಳುವುದು. ಮೊದಲನೆಯದು ಪಟ್ಟಿ ಬರೆಯಲು ಬಂತು. ಎರಡನೆಯದು ಸಂಜೆಗೆ ಬಂತು.

ರೊಟ್ಟಿ ಮುಗಿಸಿ, ಪಟ್ಟಿಯನ್ನೂ ಕವರನ್ನೂ ಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ.

ಕಂಪ್ಯೂಟರ್ ಅಂಗಡಿಯವರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡ ನಿಧಾನದ ಮನುಷ್ಯ.

"ಕಂಪ್ಯೂಟರ್ ಏನ್ ಕೆಲಸಕ್ಕರಿ, ಅಕ್ಕಾರ?"

"ತೊಟ್ಟಿಲ ಹಾಡು ಕೇಳಾಕ್ರಿ."

ಅವರು ಪೆನ್ನು ಕೆಳಗಿಟ್ಟರು. ನಾನು ಪಟ್ಟಿ ಕೊಟ್ಟೆ. ಕನ್ನಡಕ ಇಳಿಸಿ ಓದಿದರು.

"ಅಕ್ಷರ ಅಗದಿ ಚಂದ ಅದಾವ್ರಿ."

"ಮತ್ತ ಸಾಮಾನು?"

"ಅಕ್ಷರ ಚಂದ ಅದಾವ್ರಿ," ಎಂದರು ಮತ್ತೊಮ್ಮೆ. "ಆದ್ರ ಈ ಬೋರ್ಡಿಗೂ ಈ ಪ್ರೊಸೆಸರಿಗೂ ಕೂಡಂಗಿಲ್ಲ."

"ಎರಡೂ ಚಲೋ ಅದಾವಂತಲ್ರಿ?"

"ಹುಡುಗನೂ ಚಲೋ, ಹುಡುಗಿನೂ ಚಲೋ. ಕುಂಡಲಿ ಕೂಡಬೇಕಲ್ರಿ?"

ಕುಂಡಲಿ ಕೂಡುವ ಬೇರೆ ಜೋಡಿಯನ್ನು ಅವರೇ ಕಡಿಮೆ ದರದಲ್ಲಿ ತೆಗೆದಿಟ್ಟರು. ಮುಂದೆ ರ‍್ಯಾಮ್ ಬಂತು. ಅದು ಕಂಪ್ಯೂಟರಿನ ನೆನಪಂತೆ; ನಾಲ್ಕು ಜಿಬಿ ಕೊಡಲೋ, ಎಂಟು ಕೊಡಲೋ ಎಂದರು.

"ನಾಲ್ಕ ಸಾಕ್ರಿ. ಸಾಲದಿದ್ರ ಇನ್ನೊಂದು ತುಂಡು ಬಂದು ಒಯ್ತೀನಿ."

"ಇದು ಕುಬಸದ ಅರಿವಿ ಅಲ್ರಿ," ಎಂದು, ನಾನು ರವಿಕೆ ಬಟ್ಟೆ ಕೇಳಿದಂತೆ ನಕ್ಕವರು, ಬೋರ್ಡು ತಿರುಗಿಸಿ ನೋಡಿ, "ಆದ್ರ ನೀವು ಹೇಳೂದು ಖರೇ. ಜಾಗಾ ಐತಿ, ಆಮ್ಯಾಲೂ ಹಾಕಬಹುದು," ಎಂದರು.

ಆ ಒಂದು ಗೆಲುವೇ ನನ್ನನ್ನು ಕೆಡಿಸಿತು.

ಕೊನೆಗೆ ಇವೆಲ್ಲವನ್ನೂ ಒಳಗಿಡುವ ಪೆಟ್ಟಿಗೆ. ಅವರು ಗಟ್ಟಿಮುಟ್ಟಾದ ಒಂದನ್ನು ತೋರಿಸಿದರು. ದೊಡ್ಡ ಫ್ಯಾನ್ ಇತ್ತು, ಡಿಸ್ಕಿಗೆ ಒಳಗೇ ಜಾಗವಿತ್ತು, ಅಗ್ಗವೂ ಆಗಿತ್ತು. ನಾನು ಚೀಲದಿಂದ ಕವರು ತೆಗೆದು ಅದಕ್ಕೆ ತೊಡಿಸಿ ನೋಡಿದೆ. ಆನೆಗಳು ಅರ್ಧಕ್ಕೇ ನಿಂತವು.

"ಇದು ಆಗಂಗಿಲ್ಲ. ಬ್ಯಾರೆ ತೋರಸ್ರಿ."

ಎರಡನೆಯದು ಎತ್ತರವಾಯಿತು. ಮೂರನೆಯದಕ್ಕೆ ಕವರು ಜೋತುಬಿತ್ತು. ಅಂಗಡಿಯವರು ಕನ್ನಡಕವನ್ನು ಮತ್ತೆ ಹಣೆಗೇರಿಸಿದರು.

"ಅಕ್ಕಾರ, ಪೆಟ್ಟಿಗಿಗೆ ಕವರ್ ಹೊಲಿಸಿದವರನ್ನ ನೋಡೇನಿ. ಕವರಿಗೆ ಪೆಟ್ಟಿಗಿ ಹುಡುಕೂದು ಇದ ಮೊದಲು."

"ಪೆಟ್ಟಿಗಿ ನಿಮ್ಮಲ್ಲಿ ಹತ್ತು ಅದಾವ್ರಿ. ಇಂಥಾ ಕವರ್ ಒಂದ ಐತಿ."

ನಾಲ್ಕನೆಯದು ಚಪ್ಪಟೆಯಾಗಿತ್ತು. ಕವರು ಅಳತೆ ತೆಗೆದು ಹೊಲಿದಂತೆ ಕೂತಿತು. ಆನೆಗಳು ನೆಲಕ್ಕೆ ಕಾಲೂರಿದವು. ಅದರಲ್ಲಿ ಡಿಸ್ಕಿಗೆ ಜಾಗವಿಲ್ಲ ಎಂದರು. ಹೊರಗಿನಿಂದ ವೈರಿನಲ್ಲಿ ಹಚ್ಚುವ ತೆಳು ಡ್ರೈವು ತಗೊಂಡೆ. ದೊಡ್ಡ ಫ್ಯಾನ್ ಹಿಡಿಯುವುದಿಲ್ಲ, ಸಣ್ಣದನ್ನು ಹಾಕಿದರೆ ಗುಂಯ್ ಅನ್ನುತ್ತದೆ ಎಂದರು. ಮಲಗಿದ ಕೂಸಿದೆ, ಫ್ಯಾನೇ ಬೇಡವೆಂದೆ.

"ಫ್ಯಾನ್ ಇಲ್ಲದನೂ ನಡೀತೈತ್ರಿ. ಆದ್ರ ಗಾಳಿ ಬೇಕ ಬೇಕು."

"ನಮ್ಮ ಹಾಲಿಗೆ ಎರಡು ಕಿಟಕಿ ಅದಾವ್ರಿ. ಗಾಳಿ ಭಾಳ ಚಲೋ ಬರತೈತಿ."

ಅವರು ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿದರು. "ಮ್ಯಾಲಿನ ಈ ತೂತಿನಿಂದನ ಬಿಸಿ ಹೊರಗ ಹೋಗೂದ್ರಿ," ಎಂದು ಬೆರಳಿಟ್ಟು ತೋರಿಸಿದರು. ತೂತುಗಳು ಸಾಲುಸಾಲಾಗಿ, ಥೇಟ್ ಕಸೂತಿಯ ಎಳೆ ಎಣಿಸಿದಂತೆ ಇದ್ದವು. ಅವುಗಳಲ್ಲಿ ಧೂಳು ಹೋಗುತ್ತದಲ್ಲ ಎಂದು ನನಗೆ ಚಿಂತೆಯಾಯಿತು. ಕವರು ಇದೆಯಲ್ಲ ಎಂದು ಸಮಾಧಾನವೂ ಆಯಿತು.

ಎಲ್ಲ ಜೋಡಿಸಿ, ಡಿಸ್ಕ್ ಹಾಕುವುದನ್ನು ತೋರಿಸಿಕೊಟ್ಟರು. ನಾಲ್ಕರ ಹೊತ್ತಿಗೆ ಪೆಟ್ಟಿಗೆಯನ್ನು ಬಾಣಂತಿಯಂತೆ ಜೋಪಾನವಾಗಿ ಮನೆಗೆ ತಂದೆ.

ಟಿವಿಯ ಬಾಜುಕ್ಕೆ ಇಟ್ಟು ವೈರು ಸಿಕ್ಕಿಸಿದೆ. ನೀಲಿ ದೀಪ ಹತ್ತಿತು. ಕವರು ಹೊದಿಸಿ, ಮೂಲೆ ಎಳೆದು, ಆನೆಗಳ ಮುಖ ಹೊರಗೆ ಬರುವಂತೆ ಕೂಡಿಸಿದೆ. ಸುಧಾ ಕೂಸನ್ನು ಮಲಗಿಸಿ, ಹಾಡು ಬರೆದುಕೊಳ್ಳಲು ನೋಟ್‌ಬುಕ್ಕು ಹಿಡಿದು ಕೂತಳು. ಅತ್ತೆಯವರು ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡರು. ಯಜಮಾನರು ಶಾಲೆಯಿಂದ ಬಂದವರು ಪೇಪರನ್ನೇ ಮರೆತರು.

ಚಿತ್ರ ಬಂತು! ಅದೇ ಹಾಲ್, ಅದೇ ತೊಟ್ಟಿಲು.

"ಅಯ್ಯ, ನಾ ಹಿಂಗ ಇದ್ನೇನು?" ಎಂದರು ಅತ್ತೆಯವರು, ಟಿವಿಯಲ್ಲಿನ ತಮ್ಮ ಕಪ್ಪು ಹೆರಳನ್ನು ನೋಡಿ. ಮೂಲೆಯಲ್ಲಿ ಚಡ್ಡಿ ಹಾಕಿಕೊಂಡ ಹುಡುಗನೊಬ್ಬ ಕಾರಣವಿಲ್ಲದೆ ಅಳುತ್ತಿದ್ದ. ನಾನು ಯಜಮಾನರ ಕಡೆ ನೋಡಲಿಲ್ಲ.

ವಿಡಿಯೋದವರು ಹಾಡಿಗಿಂತ ಮೊದಲು ಊಟದ ಪಂಕ್ತಿ ಹಿಡಿದಿದ್ದರು. ಒಬ್ಬೊಬ್ಬರ ಎಲೆಗೂ ಬುಂದಿ ಬೀಳುವುದನ್ನು ಪ್ರತ್ಯೇಕವಾಗಿ ತೋರಿಸಿದ್ದರು. ಮುಂದೆ ಓಡಿಸುವುದು ನನಗೆ ತಿಳಿಯಲಿಲ್ಲ. ಮುಕ್ಕಾಲು ತಾಸು ಬುಂದಿ ನೋಡಿದೆವು.

ಕೊನೆಗೂ ಅಜ್ಜಿ ತೊಟ್ಟಿಲ ಬಾಜು ಬಂದು ಕೂತರು. ಹಿಂದೆ ಮೊಣಕೈವರೆಗೆ ಹಸಿರು ಬಳೆ ಇಟ್ಟ ಹೊಸ ಸೊಸೆಯೊಬ್ಬಳು ತೊಟ್ಟಿಲ ಹಗ್ಗ ಜಗ್ಗುತ್ತಿದ್ದಳು. ಬಳೆ ಎಷ್ಟು ಚಂದ ಎಂದುಕೊಂಡೆ; ಅವಳ ತುಟಿಗಳೂ ಹಾಡಿನ ಜೊತೆಗೇ ಆಡುತ್ತಿದ್ದವು. ಮೊದಲ ನುಡಿ ಮುಗಿಯಿತು. ಎರಡನೆಯದೂ ಮುಗಿಯಿತು. ಅತ್ತೆಯವರು ಉಸಿರು ಹಿಡಿದು ಮುಂದಕ್ಕೆ ಬಾಗಿದರು.

"ಮಾವ ತಂದಾನ ಬೆಳ್ಳಿಯ ಉಡದಾರ," ಎಂದರು ಅಜ್ಜಿ. "ಅತ್ತಿ ತಂದಾಳ..."

ಟಿವಿ ಕಪ್ಪಾಯಿತು.

ಯಜಮಾನರು ಎದ್ದು ಹೋಗಿ ಕವರಿನ ಮೇಲೆ ಕೈಯಿಟ್ಟು, ಇಟ್ಟಷ್ಟೇ ಬೇಗ ತೆಗೆದರು.

"ರೊಟ್ಟಿ ಹಂಚು ಕಾದೈತಿ. ಹಿಟ್ಟು ನಾದು."

ಕವರು ಎತ್ತಿದರು. ಸಾಲು ಸಾಲು ತೂತುಗಳು ನನ್ನನ್ನೇ ನೋಡಿದವು. ಅಂಗಡಿಯವರ ಬೆರಳು ಆಗ ನೆನಪಿಗೆ ಬಂತು.

"ಇದರ ಮೂಗು ಬಾಯಿ ಎಲ್ಲಾ ಕಟ್ಟಿಬಿಟ್ಟಿಯಲ್ಲ?"

"ಧೂಳು ಹೋಗತೈತಿ ಅಂತ..."

"ಧೂಳು ಹೋಗಿಲ್ಲ. ಜೀವ ಹೋಗೈತಿ."

ಮತ್ತೆ ಒತ್ತಿ ನೋಡಿದರೂ ಅದು ಏಳಲಿಲ್ಲ. ನಾನು ಅತ್ತೆಯವರ ಮುಂದೆ ನಿಂತು ಸಾರಿ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಸೆರಗಿನಲ್ಲಿ ಸುತ್ತಿ, "ಇರಲಿ ಬಿಡು. ನಾಳೆ ಎರಡು ನುಡಿ ಹಾಡಿ ಕೆಮ್ಮು ಬಂದಂಗ ಮಾಡ್ತೀನಿ," ಎಂದರು.

ನಾನು ಬೀಸಣಿಕೆ ತಂದು ಪೆಟ್ಟಿಗೆಯ ಮುಂದೆ ಕೂತು ಗಾಳಿ ಬೀಸತೊಡಗಿದೆ. ಆಗಲೇ ಬಾಜು ಮನೆಯ ಗಂಗಕ್ಕ ಬಟ್ಟಲು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು. ಹಾಲಿಗೆ ಹಾಕುವ ಹೆಪ್ಪಿಗಾಗಿ ದಿನಾ ಈ ಹೊತ್ತಿಗೆ ಬರುತ್ತಾಳೆ.

"ಏನ್ ಬೇ ಇದು? ಕೂಸಿನ್ನ ಬಿಟ್ಟು ಪೆಟ್ಟಿಗಿಗೆ ಗಾಳಿ ಬೀಸಾಕತ್ತಿ?"

ನಡೆದದ್ದನ್ನೆಲ್ಲ ಹೇಳಿದೆ. ಬೋರ್ಡು, ರ‍್ಯಾಮು, ಆನೆ, ಬುಂದಿ, ಒಂದನ್ನೂ ಬಿಡಲಿಲ್ಲ. ಗಂಗಕ್ಕ ಬಾಗಿಲಿಗೆ ಒರಗಿ ಕೇಳಿದಳು.

"ಆ ಹಾಡೇನು? ಅವತ್ತ ಹಗ್ಗ ಜಗ್ಗಿದಾಕಿ ನಾನ ಅಲ್ಲ? ಲಗ್ನಾಗಿ ಬಂದ ವರ್ಷ. ಅಜ್ಜಿ ಕುಂಡರಿಸಿಕೊಂಡು ಪೂರ್ತಿ ಕಲಿಸಿದ್ಲು."

ಅತ್ತೆಯವರು ಎದ್ದೇ ನಿಂತರು. "ಮತ್ತ ಒಂದು ಮಾತು ಹೇಳಲಿಲ್ಲಲ್ಲ, ಗಂಗಾ? ಹದಿನೈದು ದಿನದಿಂದ ಅಲ್ಲೇ ನಿಂತೇನಿ!"

"ಗ್ವಾಡಿ ಆಚೆ ಕೇಳಸ್ತಿತ್ರಿ. ಸೊಸಿ ಮನಸ್ಸು ನೋಯಬಾರದಂತ ಬೇಕಂತನ ಅಲ್ಲಿಗೆ ನಿಲ್ಲಸ್ತೀರಿ ಅಂದ್ಕೊಂಡೆ."

ಸುಧಾ ಪೆನ್ನು ಹಿಡಿದಳು. ಯಜಮಾನರು ಜೇಬು ಮುಟ್ಟಿ ನೋಡಿಕೊಂಡರು. ನನ್ನ ಬೀಸಣಿಕೆ ನಿಂತಿತು.

"ಮಾವ ತಂದಾನ ಬೆಳ್ಳಿಯ ಉಡದಾರ, ಅತ್ತಿ ತಂದಾಳ ಬರೀ ಮಾತ," ಎಂದು ಗಂಗಕ್ಕ ಬಟ್ಟಲನ್ನು ನನ್ನ ಮುಂದೆ ಹಿಡಿದಳು. "ಹೆಪ್ಪ ಸ್ವಲ್ಪ ಜಾಸ್ತಿ ಹಾಕು. ನಿನ್ನೆ ಕೊಟ್ಟಿದ್ದು ಸಾಲಲಿಲ್ಲ."