ಹಾಸನಕ್ಕೆ ಹೊರಟ ನೆತ್ತರಿಗೆ ಮಡಿಲಕ್ಕಿ

ನಮ್ಮ ಹೋಬಳಿಗೆ ಸರ್ಕಾರದ ಜೀಪು ಬಂದರೆ ಬಂದ ಕೆಲಸ ಆಗುತ್ತದೋ ಇಲ್ಲವೋ ಹೇಳಲಾರೆ. ನಗುವಂಥದ್ದು ಮಾತ್ರ ಒಂದು ಆಗಿಯೇ ತೀರುತ್ತದೆ. ದನ ಎಣಿಸುವವರು ಬಂದಾಗ ಆಗಿದೆ, ಮತದಾರರ ಪಟ್ಟಿಯವರು ಬಂದಾಗ ಆಗಿದೆ. ಕೊರೋನಾದ ಎರಡನೇ ಅಲೆ ಇಳಿದ ಮೇಲೆ ರಕ್ತ ಕೇಳಿಕೊಂಡು ಬಂದರಲ್ಲ, ಆಗ ಆದದ್ದನ್ನು ಈಗ ನೆನೆದು ನಗುತ್ತೇನೆ. ಅವತ್ತು ಮಾತ್ರ ನಮ್ಮ ಮನೆಯಲ್ಲಿ ನಗುವ ಹಾಗಿರಲಿಲ್ಲ.

ಮಲ್ಲಿಪಟ್ಟಣದ ಹತ್ತಿರದ ಹಳ್ಳಿ ನಮ್ಮದು. ಒಂದು ದಿನಸಿ ಅಂಗಡಿ, ಒಂದಿಷ್ಟು ಹೊಲ, ಎರಡು ಹೊತ್ತು ಶಿವಪೂಜೆ, ಇಷ್ಟೇ ನನ್ನ ಸಂಸಾರ. ಆ ಅಲೆಯಲ್ಲಿ ನನ್ನ ಮನೆಯಾಕೆ ಹಾಸನದ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದು, ಶಿವನ ದಯದಿಂದ ಎದ್ದು ಬಂದಳು. ಕಾಯಿಲೆ ಬಿಟ್ಟಿತು, ಭಯ ಬಿಡಲಿಲ್ಲ. ಅದು ತನ್ನ ಮೈಯಲ್ಲಿ ಎಲ್ಲೋ ಅವಿತು ಕೂತಿದೆ ಎಂದೇ ಅವಳ ನಂಬಿಕೆ.

ಅದೇ ಹೊತ್ತಿಗೆ ಮಗಳ ಚೊಚ್ಚಲ ಹೆರಿಗೆ. ಚೊಚ್ಚಲ ಬಾಣಂತನ ತವರಿನವರು ಮಾಡಬೇಕಾದ್ದು. ಇವಳು, "ನನ್ನಿಂದ ಮಗೀಗೆ ಏನಾದ್ರೂ ಅಂಟಿದ್ರೆ?" ಎಂದು ಮಗಳನ್ನು ಚನ್ನರಾಯಪಟ್ಟಣದ ಅತ್ತೆಮನೆಯಲ್ಲೇ ಉಳಿಸಿಬಿಟ್ಟಳು. ಬೀಗಿತ್ತಿ ಸುಮ್ಮನಿರುತ್ತಾರೆಯೇ? ದಿನಾ ಫೋನು. "ನಾವೇ ಎಣ್ಣೆ, ನಾವೇ ನೀರು, ನಾವೇ ಸಾಂಬ್ರಾಣಿ. ತವರು ಅನ್ನೋದು ಈಗ ಫೋನಿನೊಳಗೇ ಇರ್ತದೇನೋ!" ಇವಳು ಫೋನಿನಲ್ಲಿ ಮೊಮ್ಮಗಳ ಮುಖ ನೋಡುವುದು, ಫೋನ್ ಇಟ್ಟು ಅಳುವುದು.

ಲಾಟರಿ ಹೊಡೆದ ಊರು

ಜೀಪಿನಲ್ಲಿ ಬಂದವರು ಒಬ್ಬ ಡಾಕ್ಟರಮ್ಮ, ಒಬ್ಬ ನರ್ಸಮ್ಮ. ಶಾಲೆಯ ಜಗಲಿಯ ಮೇಲೆ ಊರನ್ನು ಕೂಡಿಸಿ ಡಾಕ್ಟರಮ್ಮ ನಿಧಾನವಾಗಿ ತಿಳಿಸಿದರು. ಕಾಯಿಲೆ ಬಂದು ಹೋದವರ ಮೈಯಲ್ಲಿ, ಲಸಿಕೆ ಹಾಕಿಸಿಕೊಂಡವರ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಎಷ್ಟು ದಿನ ನಿಲ್ಲುತ್ತದೆ ಎಂದು ನೋಡಬೇಕು. ಇದಕ್ಕೆಂದೇ ದಿಲ್ಲಿ ಸರ್ಕಾರ ದೇಶದ ಬೇರೆ ಬೇರೆ ಪ್ರಯೋಗಾಲಯಗಳನ್ನು ಒಂದು ನೊಗಕ್ಕೆ ಕಟ್ಟಿದೆ. ನಮ್ಮ ರಕ್ತದಿಂದ ಮುಂದಿನ ಲಸಿಕೆಗೆ ದಾರಿ ಸಿಗುತ್ತದೆ.

ಶುಂಠಿ ಬೆಳೆಯುವ ನಮ್ಮ ಪಕ್ಕದ ಮನೆಯವನು ಎದ್ದು ನಿಂತ. "ಅಲ್ಲ ಮೇಡಮ್ಮೋರೆ, ಇಷ್ಟು ದೊಡ್ಡ ದೇಸದಾಗೆ ನಮ್ಮೂರೇ ಯಾಕೆ?"

"ನಾವು ಆರಿಸಿಲ್ಲಪ್ಪ. ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಎತ್ತುತ್ತೆ, ನಿಮ್ಮೂರ ಹೆಸರು ಬಂತು."

ಅವನು ಸ್ವಲ್ಪ ಯೋಚಿಸಿ ಅಂದ: "ರಸ್ತೆಗೂ ಒಂದು ದಪ ಚೀಟಿ ಎತ್ತು ಅಂತ ಅದ್ಕೆ ಏಳಿ ಮೇಡಮ್ಮೋರೆ. ನೆತ್ರು ಎಷ್ಟ್ ಬೇಕಾದ್ರೂ ತಕಳಿ."

ಸಭೆ ಮುಗಿದ ಮೇಲೆ ನನ್ನಾಕೆ ಸೆರಗನ್ನು ಮೂಗಿಗೆ ಹಿಡಿದು, ದೂರದಲ್ಲೇ ನಿಂತು ಡಾಕ್ಟರಮ್ಮನನ್ನು ಕೇಳಿದಳು: "ನಾನು ಮಗೀನ ಎತ್ಕೋಬೌದಾ?"

"ಧಾರಾಳವಾಗಿ ಎತ್ಕೊಳ್ಳಿ. ಕಾಯಿಲೆ ವಾಸಿಯಾಗಿ ಇಷ್ಟು ತಿಂಗಳಾಗಿದೆ, ನಿಮ್ಮಿಂದ ಯಾರಿಗೂ ಹರಡಲ್ಲಮ್ಮ."

"ಬಾಯಿಮಾತಲ್ಲಿ ಬ್ಯಾಡ ಕಣಮ್ಮ. ನನ್ನ ರಕ್ತವೇ ಹೇಳ್ಲಿ. ಅದು ಹೇಳಿದ ದಿವಸ ಬಸ್ಸು ಹತ್ತುತೀನಿ."

ಅಲ್ಲಿಗೆ ನನ್ನ ಸಂಸಾರದ ನೆಮ್ಮದಿಯೆಲ್ಲ ಹೋಗಿ ಒಂದು ಗಾಜಿನ ನಳಿಗೆಯಲ್ಲಿ ಕೂತಿತು.

ಪರೀಕ್ಷೆಗೆ ತಯಾರಿ

ರಕ್ತ ತೆಗೆಯುವುದು ಮುಂದಿನ ವಾರ ಎಂದು ಹೇಳಿ ಹೋದರು. ಹೇಳಬಾರದಿತ್ತು. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ಊರು ತಯಾರಿಗೆ ನಿಂತಿತು. ಆಚೆ ಊರಿನಲ್ಲೂ ರಕ್ತ ತೆಗೆಯುತ್ತಾರಂತೆ, ಅವರಿಗಿಂತ ನಮಗೆ ಕಮ್ಮಿ ಬಂದರೆ ಮರ್ಯಾದೆ ಏನಾಗಬೇಕು? ನನ್ನ ಅಂಗಡಿಯಲ್ಲಿ ಮೆಣಸು, ಜೀರಿಗೆ, ಬೆಲ್ಲ ಮುಗಿದು ಅರಕಲಗೂಡಿನಿಂದ ಮತ್ತೆ ತರಿಸಿದೆ. ನುಗ್ಗೆ ಮರಗಳಲ್ಲಿ ಸೊಪ್ಪು ಉಳಿಯಲಿಲ್ಲ. ಊರ ಗೌಡರ ಮನೆಯಲ್ಲಂತೂ ದಿನಾ ನಾಟಿ ಕೋಳಿ ಸಾರು.

ಡಾಕ್ಟರಮ್ಮ ಬಂದು ವಿಷಯ ಕೇಳಿ ತಲೆಯ ಮೇಲೆ ಕೈ ಹೊತ್ತರು. "ಗೌಡ್ರೇ, ಇದು ಪಾಸು ಫೇಲು ಪರೀಕ್ಷೆ ಅಲ್ಲ. ವಾರದ ಊಟದಿಂದ ಇದು ಏರಲ್ಲ, ಇಳಿಯಲ್ಲ."

ಗೌಡರ ಮುಖ ಬಾಡಿತು. "ಮೊದ್ಲೇ ಏಳೋದಲ್ವ ತಾಯಿ? ಮೂರು ಉಂಜ ಓಗ್ಬುಟ್ವಲ್ಲ!"

ಮೂರು ಬೆರಳಿನ ವಿಭೂತಿ

ನನ್ನ ಸರದಿ ಬಂತು. ಪೂಜೆ ಮುಗಿಸಿ, ಹಣೆ, ಎದೆ, ತೋಳು, ಮೊಣಕೈಗೆಲ್ಲ ವಿಭೂತಿ ಧರಿಸಿ ಹೋಗಿದ್ದೆ. ನರ್ಸಮ್ಮ ಮೊಣಕೈ ಸಂದಿಗೆ ಸ್ಪಿರಿಟ್ ಹತ್ತಿ ತಂದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

"ಒರೆಸಬೇಡಿ ತಾಯಿ. ಪಕ್ಕದಲ್ಲಿ ಎಲ್ಲಾದರೂ ಚುಚ್ಚಿ."

"ನರ ಇರೋದು ಇಲ್ಲೇ ಯಜಮಾನ್ರೇ."

"ಹಾಗಾದರೆ ಆ ಕೈ ನೋಡಿ."

ಆ ಕೈಯಲ್ಲೂ ಅದೇ ಜಾಗದಲ್ಲಿ ಮೂರು ಪಟ್ಟೆ. ನನ್ನ ಹಿಂದಿನ ಸಾಲೆಲ್ಲ ಗೊಣಗತೊಡಗಿತು. ನನ್ನಾಕೆ ದೂರದಿಂದಲೇ ಕೂಗಿದಳು: "ಒರ್ಸಮ್ಮ ನೀನು! ಆ ಶಿವ ಇವ್ರ ತೊಗಲಿನ ಮೇಲೆ ಮಾತ್ರ ಅವ್ನಾ? ಒಳಗೂ ಇದ್ರೆ ನಿನ್ನ ನಳಿಗೇಲಿ ಸಿಕ್ತಾನೆ ಬುಡು."

ನರ್ಸಮ್ಮ ಒರೆಸಿದರು. ಸಿಕ್ಕಿದನೋ ಇಲ್ಲವೋ, ಅವರು ಹೇಳಲಿಲ್ಲ.

ಗಡಿಯಲ್ಲಿ ನಿಂತ ಜೀಪು

ರಕ್ತವೆಲ್ಲ ಐಸ್ ಪೆಟ್ಟಿಗೆಗೆ ತುಂಬಿ ಜೀಪು ಹಾಸನಕ್ಕೆ ಹೊರಟಿತು. ಊರ ಗಡಿಯ ಕಲ್ಲಿನ ಹತ್ತಿರ ಗೌಡರು ಅಡ್ಡ ನಿಂತರು. ಊರದೇವತೆ ಗುಡಿಯ ಯಜಮಾನಿಕೆ ಅವರದು. ಕೊರೋನಾದಿಂದ ನಿಂತುಹೋಗಿದ್ದ ಹಬ್ಬವನ್ನು ಹಿಂದಿನ ದಿನವಷ್ಟೇ ತಮಟೆ ಬಡಿಸಿ ಸಾರಿದ್ದರು. ಹಾಗೆ ಸಾರಿದ ಮೇಲೆ ಹಬ್ಬ ಮುಗಿಯುವವರೆಗೆ ಊರಿನವರು ರಾತ್ರಿ ಗಡಿಯಾಚೆ ತಂಗುವಂತಿಲ್ಲ.

"ರಕ್ತ ತಾನೇ ಗೌಡ್ರೇ, ಮನುಷ್ಯರಲ್ಲವಲ್ಲ!" ಎಂದರು ಡಾಕ್ಟರಮ್ಮ.

"ನೆತ್ರು ಬುಟ್ಟು ಮನ್ಸ ಎಲ್ಲವ್ನೆ ತಾಯಿ? ಊರಿನ ಅರ್ಧ ಜೀವ ಆ ಪೆಟ್ಗೇಲಿ ಕುಂತದೆ. ರಾತ್ರಿ ಆಸನದಾಗೆ ಮಲಗಂಗಿಲ್ಲ. ಬೆಳಗೆ ಓಗಿ ಸಂಜೀಗೆ ವಾಪಸ್ ತತ್ತೀರಾ?"

"ಪರೀಕ್ಷೆ ಮಾಡಿದ್ರೆ ಖರ್ಚಾಗಿ ಹೋಗುತ್ತೆ. ಐಸ್ ಕರಗಿದ್ರೆ ಎಲ್ಲಾ ಹಾಳು!"

ಮಾತು ಬೆಳೆಯಿತು, ಬಿಸಿಲು ಏರಿತು. ನನ್ನಾಕೆಯ ಮುಖ ನೋಡಿದೆ. ಬಿಳುಚಿಕೊಂಡಿತ್ತು. ಅವಳ ಮೊಮ್ಮಗಳು ಆ ಪೆಟ್ಟಿಗೆಯ ಆಚೆ ಬದಿಗಿದ್ದಳು. ಗೌಡರ ಮಾತನ್ನು ತಳ್ಳಿಹಾಕುವ ಮನಸ್ಸು ನನಗೂ ಇಲ್ಲ. ದೇವರ ಕಟ್ಟಳೆ ಕಟ್ಟಳೆಯೇ. ಶಿವನನ್ನು ನೆನೆದು ಗೌಡರನ್ನೇ ಕೇಳಿದೆ.

"ಗೌಡ್ರೇ, ನಮ್ಮೂರ ಹೆಣ್ಣುಮಕ್ಕಳು ಗಂಡನ ಮನೇಲಿ ಇದಾರಲ್ಲ, ಅವರಿಗೆ ಈ ಕಟ್ಟಳೆ ಉಂಟಾ?"

"ಅವ್ರಿಗೆ ಯಾತಕ್ಕೆ? ಕೊಟ್ಟ ಎಣ್ಣು ಆ ಊರಿನೋಳು."

"ಹಾಗಾದರೆ ಇದನ್ನೂ ಕೊಟ್ಟುಬಿಡೋಣ."

ಗೌಡರು ಗಡ್ಡ ಕೆರೆದುಕೊಂಡರು. "ಶಾಸ್ತ್ರವಾಗಿ ಕೊಟ್ರೆ ನಂದೇನೂ ತಕರಾರಿಲ್ಲ ಕಣಪ್ಪ."

ಹೆಂಗಸರು ಓಡಿದರು. ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟರು. ಡಾಕ್ಟರಮ್ಮನನ್ನು ಗಡಿಕಲ್ಲಿನ ಮೇಲೆ ಕೂರಿಸಿ, ಆ ಬಿಳಿ ಕೋಟಿನ ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿ, ಎಲೆ ಅಡಿಕೆ ತುಂಬಿದರು. ಯಾರೋ ಸೋಬಾನೆ ಎತ್ತಿಯೇಬಿಟ್ಟರು. ಪಕ್ಕದ ಮನೆಯಾಕೆ ಪೆಟ್ಟಿಗೆ ತಬ್ಬಿಕೊಂಡು ಅತ್ತಳು. ಅವಳ ರಕ್ತ ಅದರಲ್ಲಿ ಇರಲೇ ಇಲ್ಲ. ಸೂಜಿಗೆ ಹೆದರಿ ಅವಳು ಕೊಟ್ಟೇ ಇರಲಿಲ್ಲ.

ಹಾಸನ ತಲುಪಿ ಡಾಕ್ಟರಮ್ಮ ನನಗೆ ಫೋನ್ ಮಾಡಿದರು. "ಐಸ್ ಕರಗಿರಲಿಲ್ಲ, ಎಲ್ಲಾ ಸುಖವಾಗಿ ಸೇರಿದೆ ಯಜಮಾನ್ರೇ. ಲ್ಯಾಬಿನವರು ಕುಂಕುಮ ಯಾಕೆ ಅಂತ ಕೇಳಿದ್ರು. ತವರಿನವರು ಇಟ್ಟಿದ್ದು ಅಂದೆ."

ಇಬ್ಬರು ಜಗಲಿಯವರು

ಹಬ್ಬ ಕಳೆದು ಕೆಲವು ದಿನಕ್ಕೆ ಡಾಕ್ಟರಮ್ಮ ತಾವೇ ನಮ್ಮ ಮನೆಗೆ ಬಂದರು. "ನಿಮ್ಮ ರಕ್ತದಲ್ಲಿ ತಡೆಯೋ ಶಕ್ತಿ ಚೆನ್ನಾಗಿದೆಯಮ್ಮ. ಈಗಲಾದ್ರೂ ಹೋಗಿ ಮಗು ಎತ್ಕೊಳ್ಳಿ" ಎಂದರು. ನನ್ನಾಕೆ ಗೋಡೆಗೆ ಒರಗಿ ಕೂತುಬಿಟ್ಟಳು. ಎಷ್ಟೋ ತಿಂಗಳ ಮೇಲೆ ಸೆರಗು ಮೂಗಿನಿಂದ ಜಾರಿತು. ನಾನು ಮನಸ್ಸಿನಲ್ಲೇ ಶಿವನಿಗೆ ಕೈಮುಗಿದೆ.

"ಇವ್ರದು?" ಎಂದಳು ಕಣ್ಣೊರೆಸಿಕೊಂಡು.

"ಯಜಮಾನ್ರದು ಸ್ವಲ್ಪ ಕಮ್ಮಿ. ಗಾಬರಿ ಬೇಡ, ಒಳಗಿನ ಶಕ್ತಿ ಎಲ್ಲಾ ಈ ಪರೀಕ್ಷೇಲಿ ಕಾಣಲ್ಲ."

ಗಾಬರಿ ಬೇಡ ಎಂಬುದನ್ನು ನಾನು ಕೇಳಿಸಿಕೊಂಡೆ. ಅವಳು ಕಮ್ಮಿ ಎಂಬುದನ್ನು ಕೇಳಿಸಿಕೊಂಡಳು.

ಮಾರನೆಯ ಬೆಳಗ್ಗೆಯೇ ಅರಕಲಗೂಡು, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಚನ್ನರಾಯಪಟ್ಟಣ ಸೇರಿದೆವು. ಬಾಗಿಲಲ್ಲಿ ಬೀಗಿತ್ತಿ, ಕಂಕುಳಲ್ಲಿ ಮಗು. "ಅಂತೂ ತವರು ಬಂತಲ್ಲಪ್ಪ!" ಎಂದರು.

ನನ್ನಾಕೆ ಕೈಕಾಲು ತೊಳೆದುಕೊಂಡು ಬಂದು ಎರಡೂ ಕೈ ಚಾಚಿದಳು. ಮಗು ಇವಳ ಎದೆಗೆ ಬಂದದ್ದೇ ಮೂಗುಬೊಟ್ಟು ಹಿಡಿದುಕೊಂಡಿತು. ಹಿಂದೆ ನಿಂತಿದ್ದ ಮಗಳು ಅಳುತ್ತ ನಗುತ್ತಿದ್ದಳು. ನಾನೂ ನೋಡೋಣವೆಂದು ಹೊಸ್ತಿಲು ದಾಟಲು ಕಾಲೆತ್ತಿದೆ.

"ನೀವು ಅಲ್ಲೇ ಇರಿ. ನಿಮ್ದು ಕಮ್ಮಿ ಬಂದದೆ."

ಬೀಗಿತ್ತಿ ಕಿಸಕ್ಕನೆ ನಕ್ಕು ಮಗುವಿನ ಕೆನ್ನೆಗೆ ಕೈ ಹಾಕಿದರು. ಇವಳು ಮೆಲ್ಲಗೆ ಮಗುವನ್ನು ಆಚೆ ತಿರುಗಿಸಿಕೊಂಡಳು.

"ಬೀಗಿತ್ತಮ್ಮ, ನಿಮ್ದು ರಕ್ತ ಪರೀಕ್ಷೆ ಆಗ್ಯದಾ?"

"ನಂದಾ? ಇಲ್ವಲ್ಲ."

"ಹಂಗಾದ್ರೆ ವಸಿ ದೂರದಿಂದ ನೋಡಿ. ಸರ್ಕಾರ ನೋಡಿರೋದು ನನ್ನನ್ನ." ಹಾಗೆಂದವಳೇ ಮಗಳನ್ನೂ ಕರೆದುಕೊಂಡು ಬಾಣಂತಿ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು.

ನಾನು ಜಗಲಿಯ ಮೇಲೆ ಕೂತೆ. ಬೀಗಿತ್ತಿಯೂ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತರು. ಒಳಗಿನಿಂದ ನನ್ನಾಕೆಯ ಜೋಗುಳ, ಮಗಳ ನಗು, ಎರಡೂ ಕೇಳುತ್ತಿದ್ದವು.

"ಬೀಗ್ರೇ, ಕಮ್ಮಿ ಬಂದೋರು ಕಾಫಿ ಕುಡೀಬೌದಂತಾ?" ಎಂದರು.

"ಕುಡೀಬಹುದಮ್ಮ, ಅದಕ್ಕೇನೂ ಅಡ್ಡಿ ಹೇಳಿಲ್ಲ."

"ಹಂಗಾದ್ರೆ ನೀವೇ ಹೋಗಿ ಆ ಮೂಲೆ ಹೋಟ್ಲಿಂದ ಎರಡು ತತ್ತೀರಾ? ನಮ್ಮ ಅಡುಗೆಮನೆಗೆ ಹೋಗ್ಬೇಕಾದ್ರೆ ಬಾಣಂತಿ ಕೋಣೆ ದಾಟ್ಬೇಕು, ನಿಮ್ಮಾಕೆ ಬಿಡಾಕಿಲ್ಲ."